ನಾಲೆಯಲ್ಲಿ ತೆಗೆದ ಚಿತ್ರ

ಮಂಚಯ್ಯನ ಎಡಗಿವಿ ಕೇಳುವುದಿಲ್ಲ.
ಅದು ನನಗೆ ತಿಳಿದದ್ದು ಅರ್ಧ ಗಂಟೆ ಮಾತಾಡಿದ ಮೇಲೆ.
ಪಾಂಡವಪುರದಾಚೆ, ನಾಲೆ ಏರಿಯಲ್ಲಿ, ಅವನ ಎಡಕ್ಕೆ ಕೂತು
ಸುಲವೇಸಿಯ ಕಡಲು ತೋರಿಸುತ್ತಿದ್ದೆ ಫೋನಿನಲ್ಲಿ:
ಆರು ವರ್ಷದಿಂದ ನಾನು ಬಾಡಿಗೆಗಿರುವ ಊರು,
ಬೆಳಗಾದರೆ ಬೆನ್ನಿಗೆ ಸಿಲಿಂಡರು, ಕೊರಳಿಗೆ ಕ್ಯಾಮೆರಾ,
ಕಪ್ಪು ಮರಳಿಗೆ ಮೊಣಕೈ ಊರದೆ ತೇಲುತ್ತ
ಅಕ್ಕಿಕಾಳಿನಷ್ಟು ಸೀಗಡಿಗೆ ಕಾಯುವ ಕೆಲಸ.

ಹೇಳುತ್ತಲೇ ಇದ್ದೆ: ಐದಾರು ಮಾರು ಇಳಿದರೆ
ಮೊದಲು ಸಾಯುವುದು ಕೆಂಪು.
ಬೆರಳು ಕೊಯ್ದುಕೊಂಡರೆ ರಕ್ತ ಹಸಿರು.
ದೀಪ ಹಿಡಿದರಷ್ಟೇ ಬಣ್ಣ ವಾಪಸು,
ಅಸಲು ಬಡ್ಡಿ ಕಟ್ಟಿ ಬಿಡಿಸಿಕೊಂಡ ಒಡವೆಯಂತೆ.
ದೀಪವನ್ನೂ ನೇರ ಹಿಡಿಯಬಾರದು, ಓರೆಗೆ ಚಾಚಬೇಕು,
ಇಲ್ಲವೋ, ನೀರಿನ ಧೂಳೆಲ್ಲ ಹೊತ್ತಿಕೊಂಡು
ಮೀನಿರಬೇಕಾದಲ್ಲಿ ಯಾರೋ ಹಿಟ್ಟು ಜರಡಿಯಾಡಿದ ಹಾಗೆ.

ಅವನು ಬೀಡಿ ಆರಿಸಿದ.
"ಈಚೆ ಬಾರವ್ವ, ಬಲಗಡೀಕೆ. ಆ ಕಿವಿ ಓಗಿ ಇಪ್ಪತ್ತು ವರ್ಸ."

ಮೂಗು ಹಿಡಿದು ಉಸಿರೊತ್ತುವುದನ್ನು
ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ತಡೆಗೋಡೆಯಿಲ್ಲದ ತಿರುವಿನಲ್ಲಿ ಕಾರು ಬಿದ್ದರೆ
ಠಾಣೆಯವರು ಅವನ ಮನೆಗೆ ಬರುತ್ತಾರೆ.
ಹದಿನೈದಡಿ ನೀರು, ಸೊಂಟಕ್ಕೆ ಹಗ್ಗ, ಒಂದು ಉಸಿರು.
ಒಳಗೆ ಕಣ್ಣು ಬಿಡುತ್ತೀಯಾ, ಅಂದೆ.
"ಬುಟ್ರೆ ಎದ್ರಿಕೆ. ಕೈಗೇ ಗೊತ್ತಾಯ್ತದೆ.
ಮೊದ್ಲು ಸಿಕ್ಕೋದು ಕೂದ್ಲು."
ಆಮೇಲೆ ನನ್ನ ಫೋನಿನ ಬಣ್ಣದ ಮೀನನ್ನೇ ನೋಡಿ
"ಇದ ತಿಂತಾರಾ?" ಅಂದ.

ಆವತ್ತಿನ ಕೆಲಸ ಅಂಥದ್ದಲ್ಲ.
ತಮ್ಮಣ್ಣಗೌಡರ ಪಂಪ್‌ಸೆಟ್ಟಿನ ಫುಟ್‌ಬಾಲು
ಕಳಚಿ ಕೆಸರಲ್ಲಿ ಕೂತಿತ್ತು
(ನಾಲೆಗೆ ಪೈಪು ಬಿಡಬಾರದು; ಬಿಟ್ಟಿದ್ದರು).
ಕೂಲಿ ಐನೂರು. ನಾನೂ ಇಳಿದೆ,
ನೀರುಗನ್ನಡಕ ಹಾಕಿ, ಕ್ಯಾಮೆರಾ ಹಿಡಿದು.
ಸಿಲಿಂಡರಿಲ್ಲ, ನನಗೂ ಒಂದೇ ಉಸಿರು.
ಏರಿಯ ಮೇಲೆ ಹುಡುಗರು ಶಿಳ್ಳೆ ಹೊಡೆದರು.

ಸೊಂಟದವರೆಗೆ ನೀರು ಹಸಿರು. ಎದೆಗೆ ಬಂದರೆ ಟೀ.
ಆಮೇಲೆ ಬರೀ ಕಂದು,
ನನ್ನ ಕೈ ನನಗೆ ಕಾಣದ,
ಮೇಲು ಯಾವುದೆಂದು ಗುಳ್ಳೆ ಬಿಟ್ಟು ತಿಳಿಯಬೇಕಾದ ಕಂದು.
ಕಲಿತದ್ದೆಲ್ಲ ಮಾಡಿದೆ, ದೀಪ ಓರೆ, ಮಸೂರ ಹತ್ತಿರ.
ಗುಂಡಿ ಒತ್ತಿದೆ, ಒತ್ತಿದೆ.

ಆಗ ಬಂತು,
ಮೊದಲು ಕೂದಲಿಗೆ.
ಆಮೇಲೆ ಹಣೆ, ಕನ್ನಡಕದ ರಬ್ಬರು, ಗಲ್ಲ.
ಒಂದು ಕೈ, ಅವಸರವಿಲ್ಲದೆ,
ಕರೆಂಟು ಹೋದಾಗ ರಾಗಿ ಚೀಲದ ಬಾಯಿ ಹುಡುಕುವ ಹಾಗೆ.
ಹಿಡಿದಿಟ್ಟದ್ದೆಲ್ಲ ನನ್ನ ಬಾಯಿಂದ ಹೊರಟು
ಆ ಮುಂಗೈಗೆ ಬಡಿಯಿತು ಗುಳ್ಳೆ ಗುಳ್ಳೆ.
ಸುಟ್ಟಂತೆ ಸರಿಯಿತು ಕೈ.

ದಡದಲ್ಲಿ ಕೆಮ್ಮಿ ಕೆಮ್ಮಿ ನಕ್ಕ.
"ಉಸ್ರು ಬುಡೋ ಮೊಕ ಸಿಕ್ಕಿದ್ದು ಇದೇ ಮೊದ್ಲು ಕಣವ್ವ."
ಫುಟ್‌ಬಾಲು ಎರಡನೇ ಮುಳುಗಿಗೆ ಬಂತು, ಜೊಂಡು ಸುತ್ತಿಕೊಂಡು.
ಗೌಡರು ನಾನೂರು ಕೊಟ್ಟು,
ಮಿಕ್ಕದ್ದು ಆಲೆಮನೆ ದುಡ್ಡು ಬಂದಾಗ, ಅಂದರು.
ಮೋಟರು ಗುರುಗುಟ್ಟಿ ಹತ್ತಿತು;
ಕಬ್ಬಿನ ಬುಡಕ್ಕೆ ಅದೇ ಕಂದು ಹೋಯಿತು.

ನಲವತ್ತೆರಡು ಚಿತ್ರ. ನಲವತ್ತೊಂದರಲ್ಲಿ ಏನೂ ಇಲ್ಲ.
ಒಂದರಲ್ಲಿ, ಹೊತ್ತಿಕೊಂಡ ಧೂಳಿನ ನಡುವೆ,
ಬೆರಳಗಲಿಸಿದ ಅಂಗೈ.
ಫೋಕಸ್ಸು ಒಂದು ಗೇಣು ಹಿಂದೆ ಬಿದ್ದಿದೆ,
ಅಲ್ಲಿಯದಾಗಿದ್ದರೆ ಅಳಿಸುತ್ತಿದ್ದೆ.

ಮಂಚಯ್ಯ ಟವೆಲ್ಲು ಹಿಂಡುತ್ತ ಬಗ್ಗಿದ.
ಪರದೆಯ ಮೇಲೆ ನೀರು ತೊಟ್ಟಿಕ್ಕಿತು, ಒರೆಸಿದ,
ತುಂಬ ಹೊತ್ತು ನೋಡಿದ.
"ಯಾರದವ್ವ ಈ ಕೈಯಿ?"

ಮತ್ತೆ ಅವನ ಎಡಕ್ಕೇ ಕೂತಿದ್ದೆ.
ಎದ್ದು ಬಲಕ್ಕೆ ಹೋದೆ.