ಹಿಂಜದ ಹತ್ತಿ

ಕೇಳಿದ್ದು ಇಷ್ಟೇ: ದನಿ ಎಷ್ಟಿದೆ,
ಎಡಕ್ಕೆಷ್ಟು, ಬಲಕ್ಕೆಷ್ಟು.
ಅರವತ್ನಾಲ್ಕು ಬೈಟು ಹಿಡಿಯುವ ಡಬ್ಬಿ;
ಸೌಂಡ್ ಡ್ರೈವರು ನಲವತ್ತು ತುಂಬಿ
ಮಿಕ್ಕ ಇಪ್ಪತ್ನಾಲ್ಕನ್ನು ಮುಟ್ಟದೆ
ಮುಚ್ಚಳ ಹಾಕಿ ನನ್ನ ಕೈಗಿತ್ತಿತು.

ಮುಟ್ಟದ್ದೆಲ್ಲ ಖಾಲಿಯಲ್ಲ.

ಬಾಷಾ ನಗರ, ರಾತ್ರಿ ಎರಡೂವರೆ.
ಕೆಳಗೆ ಭಟ್ಟಿಯಲ್ಲಿ ಕಾದ ಮರಳೊಳಗೆ ಮಂಡಕ್ಕಿ ಚಟಪಟ,
ಕೀಬೋರ್ಡಿನ ಸಂದಿಯಲ್ಲಿ ಹೊಟ್ಟಿನ ಬೂದಿ.
ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ.
ಎಡ ಎಪ್ಪತ್ತು, ಬಲ ಎಪ್ಪತ್ತು: ನಲವತ್ತು ಬೈಟು
ಪಾಠ ಒಪ್ಪಿಸುವ ಹುಡುಗನಂತೆ ಅದನ್ನೇ ಅಂದವು.
ಬಾಲದ ಇಪ್ಪತ್ನಾಲ್ಕು ಮಾತ್ರ ಪ್ರತಿ ಸಲ ಬೇರೆ.
ಒಮ್ಮೆ ಎಫ್ ಎಫ್ ಎಫ್ ಎಫ್ ಎಂದು ಶುರುವಾಗುವ
ಒಳಮನೆಯ ವಿಳಾಸ.
ಒಮ್ಮೆ ನನ್ನದೇ ಪಾಸ್‌ವರ್ಡಿನ ಕೊನೆಯ ಮೂರಕ್ಷರ.
ಎದೆ ಧಸಕ್ಕೆಂದಿತು.

ಬರೆದಾತ ಕಳ್ಳನಲ್ಲ.
ಜಾಗ ಕೇಳಿದ, ಸಿಕ್ಕಿತು;
ಸಿಕ್ಕ ಜಾಗದಲ್ಲಿ ಹಿಂದೆ ಯಾರು ಕೂತಿದ್ದರು
ಅಂತ ಕೇಳಲಿಲ್ಲ.

ಮಂಡಿಪೇಟೆಯಲ್ಲಿ ಗಾದಿ ಹೊಲಿಯುವ ಚಿಕ್ಕಮ್ಮ ಹೊನ್ನೂರಬಿಗೆ
ಇದನ್ನೆಲ್ಲ ಹೇಳಿದರೆ ಅವಳು ಸೂಜಿ ಬಿಡದೆ ಅಂದಳು:
"ಹಿಂಜದಂಗೆ ತುಂಬ್ಯಾನೆ ಅನ್ನು."

ಅವಳಿಗೆ ಗೊತ್ತು. ಆ ವರ್ಷ ಮದುವೆ ಸೀಜನ್ನು;
ಕೈಕೆಳಗಿನ ಹುಡುಗ ಅವಸರಕ್ಕೆ
ಬಿಚ್ಚಿದ ಹಳೇ ಗಾದಿಯ ಹತ್ತಿಯನ್ನು ಗಂಟು ಗಂಟಾಗೇ
ಪಟ್ಟೆ ಪಟ್ಟೆ ಹೊಸ ಬಟ್ಟೆಗೆ ತುರುಕಿದ.
ಮೂರನೇ ದಿನ ಮದುಮಗಳ ಬೆನ್ನಿಗೆ ಚುಚ್ಚಿದ್ದು ಒಂದು ಹೇರ್‌ಪಿನ್ನು.
ಅದಕ್ಕಂಟಿದಂತೆ ನಾಲ್ಕು ಮಡಿಕೆ ಮಡಿಚಿದ ಆಸ್ಪತ್ರೆ ಚೀಟಿ:
ಹೆಸರು, ವಯಸ್ಸು, ಕಾಯಿಲೆ.
ಅದೇ ಓಣಿಯ ಹೆಸರು.
ಸಂಜೆಯೊಳಗೆ ನಲ್ಲಿಯ ಹತ್ತಿರ ಎಲ್ಲರ ಬಾಯಲ್ಲೂ.
ಆ ಹೆಂಗಸು ಆಮೇಲೆ ನೀರಿಗೆ
ಕತ್ತಲಾದ ಮೇಲೆ ಬರತೊಡಗಿದಳು.

ನಾನು ತಿದ್ದಿದ್ದು ಒಂದೇ ಸಾಲು:
ತುಂಬುವ ಮೊದಲು ಇಡೀ ಡಬ್ಬಿಗೆ ಸೊನ್ನೆ.
ಹನ್ನೊಂದನೇ ದಿನಕ್ಕೆ ಒಪ್ಪಿಗೆಯಾಯಿತು.
ಅದಕ್ಕೂ ಮೊದಲು, ಸುಮ್ಮನೆ ಕುತೂಹಲಕ್ಕೆ,
ಸಾವಿರ ಸಲ ಕೇಳಿ, ಸೋರಿದ ಬೈಟುಗಳನ್ನೆಲ್ಲ ಪೋಣಿಸಿ
ಸ್ಪೀಕರಿಗೆ ಕೊಟ್ಟಿದ್ದೆ:
ಟೊಂಯ್ ಎಂದು ಒಂದು ಏಟು, ಹಿಂಜುವ ಬಿಲ್ಲಿನ ನಾರಿಯದೇ ಸದ್ದು,
ಆಮೇಲೆ ಬರೀ ಧೂಳು.
ಈಗ ಕೊಟ್ಟರೆ ಏನೂ ಇಲ್ಲ.

ಚಿಕ್ಕಮ್ಮನಿಗೆ ಫೋನು ಮಾಡಿ ಸರಿಹೋಯ್ತು ಅಂದೆ.
"ಎಷ್ಟು ವರ್ಷದಿಂದ ಹಂಗೇ ಇತ್ತು?"
ಒಂಬತ್ತು.
"ನಿನಗಿಂತ ಮೊದ್ಲು ಯಾರ್ಯಾರು ಕೇಳಿದ್ರೋ."
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆ ಚೀಟಿ ಇನ್ನೂ ಅವಳ ಹತ್ತಿರವೇ ಇದೆ,
ದಾರದುಂಡೆಯ ಡಬ್ಬಿಯ ತಳದಲ್ಲಿ.
ಕೊಡೋಕೆ ಹೋದರೆ ಓದಿದ್ದೀನಿ ಅಂದಂತಾಗುತ್ತೆ;
ಸುಡೋಣವೆಂದರೆ ಅದು ಅವಳದಲ್ಲ.