ಹೆಸರಿಲ್ಲದ ಗುಂಡಿಗಳು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯಲ್ಲಿ,
ಕೀಲಿಕೈ ಮಾಡುವವನ ಅಂಗಡಿಯ ಮೇಲೆ ನಮ್ಮ ಕೋಣೆ.
ಅಲ್ಲಿ ನಾನೊಂದು ಸಮುದ್ರ ಮಾಡಿದ್ದೆ:
ಮೌಸಿನ ತುದಿಗೆ ಅಲೆ ಏಳುವ ಸಮುದ್ರ,
ಹಿಡಿದು ಎಳೆದರೆ ಹೊರಡುವ ಮೀನುದೋಣಿಗಳು.
ಬಂದರಿನ ಮ್ಯೂಸಿಯಮ್ಮಿಗೆಂದು, ಎಂಟು ತಿಂಗಳ ಕೆಲಸ.
ನೋಡಿದವರೆಲ್ಲ ಆಹಾ ಅಂದರು.

ನೊರೀನ್ ಓಸ್ಗರ್ಬಿ ನೋಡಲಿಲ್ಲ.
ಕೋಲು ಮಡಚಿ ತೊಡೆಯ ಮೇಲಿಟ್ಟು
ಪರದೆಗೆ ಅರ್ಧ ಬೆನ್ನು ಮಾಡಿ ಕೂತರು.
ಎಪ್ಪತ್ತೆಂಟು ವಯಸ್ಸು. ಹದಿನೈದಕ್ಕೇ ಬಲೆ ಹೆಣೆಯುವ ಕೆಲಸ,
ಕಣ್ಣು ಹೋದಮೇಲೂ ಬೆರಳು ಬಿಡಲಿಲ್ಲವಂತೆ.
ಕಿವಿಗೆ ಯಂತ್ರದ ದನಿ, ಅಕ್ಕಿ ಸುರಿದಷ್ಟು ವೇಗ;
ನನಗೆ ಒಂದಕ್ಷರ ತಿಳಿಯದು. ನಿಧಾನ ಮಾಡಿ ಕೇಳಿಸಿದರು:

ಬಟನ್. ಬಟನ್. ಬಟನ್.
ಚಿತ್ರ, ನಾಲ್ಕು ನಾಲ್ಕು ಏಳು ಒಂದು.
ಬಟನ್.

ನನ್ನ ಭಾಷೆಯಲ್ಲಿ ಇದಕ್ಕೆ ಗುಂಡಿ ಅನ್ನುತ್ತಾರೆ, ಅಂದೆ.
ಅಂಗಿಗೆ ಹಾಕುವುದೂ ಗುಂಡಿ, ಕಾಲು ಜಾರಿ ಬೀಳುವುದೂ ಗುಂಡಿ.
ನಕ್ಕರು. "ನಿಮ್ಮ ಭಾಷೆ ನೆಟ್ಟಗಿದೆ.
ಈಗ ನಾಲ್ಕರಲ್ಲಿ ಬಿದ್ದೆ."

ನಕ್ಷೆಯೊಳಗೆ ಹೋದರು, ಹೊರಬರಲಾಗಲಿಲ್ಲ.
ಟ್ಯಾಬ್ ಒತ್ತಿದರೆ ಅಲ್ಲೇ, ಎಸ್ಕೇಪ್ ಒತ್ತಿದರೂ ಅಲ್ಲೇ.
ಜಾಲ ಎಂದು ಹೆಸರಿಟ್ಟವರು ಸುಳ್ಳಾಡಿಲ್ಲ.
"ಸಣ್ಣ ಮೀನು ಹೋಗಲೆಂದು ನಾವು ತೂತು ಬಿಡುತ್ತಿದ್ದೆವು," ಅಂದರು.
ಆ ತೂತಿಗೆ ನಮ್ಮಲ್ಲಿ ಬಲೆಯ ಕಣ್ಣು ಅನ್ನುತ್ತಾರೆ.
ಅದನ್ನು ಹೇಳಲಿಲ್ಲ.

ಆ ರಾತ್ರಿ ಮೌಸ್ ಕಿತ್ತು ಡ್ರಾಯರಿಗೆ ಹಾಕಿ, ಪರದೆ ಆರಿಸಿ
ಬರೀ ಕೀಲಿಮಣೆ ಹಿಡಿದು ನನ್ನದೇ ಕಡಲಿಗಿಳಿದೆ.
ಹನ್ನೊಂದನೇ ಟ್ಯಾಬಿಗೆ ದಿಕ್ಕು ತಪ್ಪಿತು.

ಮೂರು ವಾರ. ಒಂದೊಂದಕ್ಕೂ ಹೆಸರು:
ಲಂಗರು ಎತ್ತು. ಉತ್ತರಕ್ಕೆ ತಿರುಗು. ನಕ್ಷೆಯಿಂದ ಹೊರಗೆ.
ಎಳೆಯುವುದರ ಬದಲು ಬಾಣದ ಕೀಲಿ.
ದೋಣಿ ಎಲ್ಲಿದೆಯೆಂದು ಕ್ಷಣಕ್ಷಣಕ್ಕೂ ಹೇಳಿಸಿದೆ,
ಕಿವಿ ಚಿಟ್ಟು ಹಿಡಿಯಿತು ಅಂದರು;
ಭೂಶಿರ ದಾಟಿದಾಗಷ್ಟೇ ಹೇಳಲಿ ಎಂದಾಯಿತು.
ಫೋಟೋಕ್ಕೆ 'ಹಳೆಯ ದೋಣಿ' ಎಂದು ಬರೆದಿದ್ದೆ.
"ಡೆಕ್ಕಿನ ಮೇಲೆ ಹಿಮ ಇದೆಯೇ?"
ಇತ್ತು. ಎಂಟು ತಿಂಗಳು ಅದನ್ನೇ ನೋಡುತ್ತಿದ್ದವಳು
ನೋಡಿರಲಿಲ್ಲ.

ಉಳಿದದ್ದು, ಐಸ್‌ಲ್ಯಾಂಡಿನಾಚೆ 'ಎಲ್ಸಿ ಮೇ' ಮುಳುಗುವ ಗಳಿಗೆ.
ಪರದೆಯ ಮೇಲೆ ಒಂದು ದೀಪ ಆರುತ್ತದೆ, ಅಷ್ಟೆ. ಸದ್ದಿಲ್ಲ.
ಅದನ್ನು ನುಡಿಸಲು ಎರಡು ದಾರಿ, ವಿವರಿಸಿದೆ:
ನಡೆಯುತ್ತಿರುವ ಮಾತಿಗೆ ಅಡ್ಡಬಂದು ತಟ್ಟನೆ ಹೇಳುವುದೊಂದು,
ಮಾತು ಮುಗಿಯುವತನಕ ವಿನಯದಿಂದ ಕಾದು ಹೇಳುವುದೊಂದು.
ಸಾವಿನ ಸುದ್ದಿ, ಅಡ್ಡಬರಲಿ ಅಂದುಕೊಂಡಿದ್ದೆ.

ಬಹಳ ಹೊತ್ತು ಸುಮ್ಮನಿದ್ದರು.
"ಕಾಯಲಿ. ಕಂಪನಿಯವನು ಟೋಪಿ ಕೈಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.
ಅಮ್ಮ ಹೆಣೆಯುತ್ತಿದ್ದ ಸಾಲು ಮುಗಿಸುವತನಕ
ಅವನು ಬಾಯಿ ಬಿಡಲಿಲ್ಲ."

ಯಾವ ದೋಣಿ, ಯಾವ ವರ್ಷ, ನಾನು ಕೇಳಲಿಲ್ಲ.
ಕೋಡಿನಲ್ಲಿ ವಿನಯ ಎಂದು ಬರೆದು ಉಳಿಸಿದೆ.

ಹೊರಡುವಾಗ ಮೆಟ್ಟಿಲಿಂದ ಕೂಗಿದರು,
"ಕೊನೆಯಲ್ಲಿ ಇನ್ನೂ ಒಂದು ಗೂಂಡಿ ಇದೆ, ಹೆಸರಿಲ್ಲದ್ದು!"
ಗು-ವನ್ನು ಅಷ್ಟುದ್ದ ಎಳೆದು.

ಅವರು ಹೋದಮೇಲೆ ನೋಡಿದರೆ, ಹೆಡ್‌ಫೋನಿನ ತಂತಿ
ಕುರ್ಚಿಯ ಕೈಗೆ ಸುತ್ತಿ ಬಲೆಯ ಗಂಟು ಬಿದ್ದಿತ್ತು,
ಮಾತಾಡುತ್ತಲೇ ಬೆರಳು ಹಾಕಿದ್ದು.
ಎಳೆದು ನೋಡಿದೆ.
ಬಿಗಿಯಾಗಿದೆ.