ವೈಶಾಖದಲ್ಲಿ ಚೌತಿ

ಸಿನಿಮಾದವರಿಗೆ ಪಂಚಾಂಗವಿಲ್ಲ.
ಭಾದ್ರಪದಕ್ಕಿನ್ನೂ ನಾಲ್ಕು ತಿಂಗಳಿರುವಾಗಲೇ
ಮಂಡ್ಯದ ಗುತ್ತಲು ರಸ್ತೆಯ ನಮ್ಮ ಅಡ್ಡಬೀದಿಗೆ
ಲಾರಿಯಲ್ಲಿ ಬಂದಿಳಿದ ಗಣಪ:
ಆಳೆತ್ತರ, ಮೈಯೆಲ್ಲ ಥರ್ಮಾಕೋಲು,
ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ.

ಗೆಳೆಯರ ಕತೆಯಂತೆ. ಬೀದಿಯಲ್ಲಿ ಗಣಪನ್ನ ಕೂರಿಸುವ
ಹುಡುಗರ ಕತೆಯಂತೆ. ಹಿಂದೆ ನಿಲ್ಲಲು
ನಿಜವಾಗಿ ಕೂರಿಸುವವರೇ ಬೇಕಂತೆ,
ತಲೆಗೆ ಐನೂರು, ಮೇಲೆ ಊಟ.

ನಾವು ಹೋದೆವು. ಅಂಕೇಶನೂ ಬಂದಿದ್ದ.

ಅವನೂ ನಾನೂ ಮಾತು ಬಿಟ್ಟು
ಒಂದೂ ಮುಕ್ಕಾಲು ವರ್ಷ.
ಚಂದಾ ಪುಸ್ತಕದಲ್ಲಿ ಸಾವಿರದ ನೂರ ನಲವತ್ತು
ತಾಳೆಯಾಗಲಿಲ್ಲ. ನಾನು ಅವನ ಜೇಬು ನೋಡಿದೆ,
ಅವನು ನನ್ನ ಜೇಬು.
ಮರುವರ್ಷ ಪೆಂಡಾಲು ಎರಡಾಯಿತು,
ಬೀದಿಯ ಈ ತುದಿಗೊಂದು ಆ ತುದಿಗೊಂದು.
ಇವರ ಮೈಕು ಅವರ ಭಜನೆಯನ್ನು ನುಂಗಿತು.
ನಡುವಿನ ಮನೆಯ ಪುಟ್ಟತಾಯಮ್ಮ
ಎರಡೂ ಕಡೆಯ ಚರುಪು ತಿಂದು, ಬೆರಳು ನೆಕ್ಕಿ,
"ಒಬ್ಬ ಅವ್ವನ ಮಗನ್ನ ಎರಡು ಮನೇಲಿ ಕೂರ್ಸಿದ್ದೀರಲ್ರೋ" ಎಂದಿದ್ದಳು.

ಈ ಸಲವೂ ಬೆಳಗ್ಗೆ ಆಕೆಯೇ ಗರಿಕೆ ತಂದಳು.
"ಅಜ್ಜಿ, ಇದು ಶೂಟಿಂಗ್ ಗಣಪ" ಎಂದ ಲೈಟಿನ ಹುಡುಗ.
"ಇರ್ಲಿ ಬುಡು, ಕಿವಿ ಐತಲ್ಲ."

ಟೋಪಿಯ ಸಹಾಯಕ ನಮ್ಮಿಬ್ಬರ ಭುಜ ಹಿಡಿದು
ಹಲಗೆಯ ಒಂದೇ ಪಕ್ಕಕ್ಕೆ ನಿಲ್ಲಿಸಿದ.
ಅವನಿಗೇನು ಗೊತ್ತು, ಎತ್ತರ ಸರಿಹೊಂದಿತ್ತು ಅಷ್ಟೆ.
"ಭಾರ ಇದ್ದಂಗೆ ಮುಖ ಮಾಡಿ. ಆಮೇಲೆ ನಗಿ.
ಜೀವದ ಗೆಳೆಯರು ನೀವು."

ಹಗುರವನ್ನು ಭಾರವೆಂದು ಹೊರುವುದು ಕಷ್ಟವಾಗಲಿಲ್ಲ.
ನಗು ಬರಲಿಲ್ಲ.
ಮೊದಲ ಸಲ ಅವನ ಕಿವಿಯ ಹಿಂದಿನ ಗೋಡೆ ನೋಡಿ ನಕ್ಕೆ.
ಎರಡನೇ ಸಲ ಅವನಿಗೆ ಕೆಮ್ಮು.
ಮೂರಕ್ಕೆ ಸಾದಿಕನ ಜನರೇಟರು ಕೈಕೊಟ್ಟಿತು.
ನಾಲ್ಕರಲ್ಲಿ ಹಲ್ಲು ಕಂಡವು, ಸಾಕು ಎಂದರು.

ಸಂಜೆ, ಬಿಡುವ ಶಾಸ್ತ್ರ. ಬೇಸಗೆಯ ಕೆರೆ,
ತೊಡೆಮಟ್ಟ ನೀರು, ಅಂಚಿಗೆ ಜೊಂಡು, ಅಡಿಗೆ ಕೆಸರು.
ತಮಟೆ ಬಡಿದರು, ಬಣ್ಣ ಎರಚಿದರು.
ಬಿಟ್ಟರೆ, ಗಣಪ ಮುಳುಗಲೊಲ್ಲ!
ಒತ್ತಿದರು. ಮುಂದಿನ ವರ್ಷ ಬೇಗ ಬಾ ಎಂದದ್ದೇ ತಡ
ಪುಳಕ್ಕನೆ ಮೇಲೆದ್ದ.
ಕಲ್ಲು ಕಟ್ಟಿದರು. ಹಗ್ಗ ಜಾರಿತು.
ಆಮೇಲೊಂದು ಗಾಳಿ ಬೀಸಿ
ನಿರ್ದೇಶಕರು ಕಟ್ ಎಂದರೂ ಕೇಳದೆ
ಅಂಗಾತ ಹೊರಟೇಬಿಟ್ಟ, ಹೊಟ್ಟೆ ಆಕಾಶಕ್ಕೆ,
ಅಜ್ಜಿಯ ಗರಿಕೆ ಇನ್ನೂ ಕಿವಿಯಲ್ಲಿ.

ಯಾರು ಮೊದಲು ಇಳಿದೆವೋ ತಿಳಿಯದು.
ನನ್ನ ಕಾಲು ಕೆಸರಲ್ಲಿ ಹೂತಾಗ
ತೋಳು ಹಿಡಿದ ಕೈ ಗೊತ್ತಿದ್ದ ಕೈ.
"ಮೆತ್ತಗೆ ಕಣ್ಲಾ."
ಎರಡು ಬೆರಳಿನ ದೇವರನ್ನು
ನಾಲ್ಕು ಕೈಯಲ್ಲಿ ತಬ್ಬಿ ತಂದೆವು,
ಅವನ ಬಣ್ಣವೆಲ್ಲ ನಮ್ಮೆದೆಗೆ ಬಿಟ್ಟು.
ನಕ್ಕೆವು, ಪಕ್ಕೆ ನೋಯುವಷ್ಟು.
ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು.

ಸಿನಿಮಾ ಬಂದಾಗ ಬೀದಿಗೆ ಬೀದಿಯೇ ಹೋಯಿತು.
ನಾಲ್ಕನೇ ಸಲದ ಹಲ್ಲೂ ಇರಲಿಲ್ಲ.
ನನ್ನದೊಂದು ಮೊಣಕೈ,
ಅವನ ಚೌಕುಳಿ ಅಂಗಿ, ಕಣ್ಣು ಮಿಟುಕಿಸುವಷ್ಟು.
"ಅಗೋ ನಾನು!" ಎಂದು ಪುಟ್ಟತಾಯಮ್ಮ ಕೂಗಿದಳು.
ಅವಳಂತೂ ಎಲ್ಲಿಯೂ ಇರಲಿಲ್ಲ.

ಆ ಸಾವಿರದ ನೂರ ನಲವತ್ತು ಇನ್ನೂ ತಾಳೆಯಾಗಿಲ್ಲ.
ವಿರಾಮದಲ್ಲಿ ನನ್ನ ನೋಟು ಒಯ್ದು
ಅಂಕೇಶ ಬೋಂಡ ತಂದ, ಬಿಸಿಬಿಸಿ.
ಚಿಲ್ಲರೆ ಯಾವ ಜೇಬಿಗೆ ಹೋಯಿತೋ
ನೋಡಲಿಲ್ಲ.